ಪ್ಯಾಟರ್ನ್ ಬದಲಾಗದ ಮೈಕ್: ಕರಾವಳಿಯ ಸ್ಟುಡಿಯೊಗಳಿಗೆ ದೋಷ ನಿವಾರಣೆ ಕೈಪಿಡಿ

ಮಳೆಗಾಲ ಆರಂಭವಾಗಿ ಕೆಲವು ವಾರ ಕಳೆಯುವಷ್ಟರಲ್ಲಿ ಮಂಗಳೂರು, ಉಡುಪಿ, ಮಣಿಪಾಲದ ಧ್ವನಿಮುದ್ರಣ ಸ್ಟುಡಿಯೊಗಳಲ್ಲಿ ಒಂದೇ ಬಗೆಯ ದೂರುಗಳು ಕೇಳಿಬರತೊಡಗುತ್ತವೆ. ಪ್ಯಾಟರ್ನ್, ಎಂದರೆ ಯಾವ ದಿಕ್ಕಿನ ಧ್ವನಿಯನ್ನು ಹಿಡಿಯಬೇಕೆಂಬುದನ್ನು, ಬದಲಿಸಬಹುದಾದ ಕಂಡೆನ್ಸರ್ ಮೈಕ್ ಕಾರ್ಡಿಯಾಯ್ಡ್‌ನಲ್ಲಿ (ಮುಖ್ಯವಾಗಿ ಮುಂದಿನ ಧ್ವನಿ ಹಿಡಿಯುವ ಸ್ಥಾನ) ಚೆನ್ನಾಗಿಯೇ ಕೆಲಸ ಮಾಡುತ್ತದೆ, ಓಮ್ನಿಗೆ (ಎಲ್ಲ ದಿಕ್ಕಿನ ಧ್ವನಿ ಹಿಡಿಯುವ ಸ್ಥಾನ) ತಿರುಗಿಸಿದೊಡನೆ ಚಟಪಟ ಸದ್ದು ಶುರುವಾಗುತ್ತದೆ. ಇನ್ನೊಂದು ಕಡೆ ಸ್ವಿಚ್ಚನ್ನು ಯಾವ ಸ್ಥಾನಕ್ಕೆ ತಂದರೂ ಧ್ವನಿಯಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಮತ್ತೊಂದು ಕಡೆ ತಾಳಮದ್ದಳೆಯ ಮುದ್ರಣಕ್ಕೆಂದು ಇಬ್ಬರು ಅರ್ಥಧಾರಿಗಳ ನಡುವೆ ಫಿಗರ್ ಎಯ್ಟ್‌ನಲ್ಲಿ (ಮುಂದಿನ ಮತ್ತು ಹಿಂದಿನ ಧ್ವನಿ ಹಿಡಿದು ಪಕ್ಕದ್ದನ್ನು ಬಿಡುವ ಸ್ಥಾನ) ಇಟ್ಟ ಮೈಕಿನಲ್ಲಿ ಒಬ್ಬರ ಮಾತು ಸ್ಪಷ್ಟವಾಗಿದ್ದು, ಎದುರು ಕುಳಿತವರ ಮಾತು ಕ್ಷೀಣವಾಗಿ ಕೇಳುತ್ತದೆ. ಆಗ ‘ಕ್ಯಾಪ್ಸೂಲ್ (ಮೈಕಿನೊಳಗೆ ಧ್ವನಿ ಹಿಡಿಯುವ ಭಾಗ) ಹೋಯಿತು’ ಎಂದು ತೀರ್ಮಾನಿಸುವುದಾಗಲಿ, ಜಾಲರಿ ಬಿಚ್ಚಿ ಬಟ್ಟೆಯಿಂದ ಒರೆಸಲು ಹೊರಡುವುದಾಗಲಿ ಸರಿಯಲ್ಲ. ಈ ಬಗೆಯ ಮೈಕಿನಲ್ಲಿ ದೋಷ ಪತ್ತೆಮಾಡುವ ಅತ್ಯುತ್ತಮ ಸಾಧನ ಅದರ ಮೈಮೇಲೆಯೇ ಇದೆ, ಅದು ಪ್ಯಾಟರ್ನ್ ಸ್ವಿಚ್. ಮೂರು ಸ್ಥಾನಗಳಲ್ಲಿ ಮೈಕ್ ಹೇಗೆ ವರ್ತಿಸುತ್ತದೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ, ದೋಷವು ಮುಂದಿನ ಪೊರೆಯ ಕಡೆಯದೋ, ಹಿಂದಿನ ಪೊರೆಯ ಕಡೆಯದೋ, ಸ್ವಿಚ್ಚಿನದೋ ಅಥವಾ ಮೈಕಿನ ಹೊರಗಿನದೋ ಎಂಬುದು ಒಂದು ತಿರುಪನ್ನೂ ಬಿಚ್ಚದೆ ಬಹುಪಾಲು ತಿಳಿಯುತ್ತದೆ.

ಒಳಗೆ ನಡೆಯುವುದೇನು

ದೊಡ್ಡ ಡಯಾಫ್ರಂನ (ಧ್ವನಿಗೆ ಕಂಪಿಸುವ ಪೊರೆಯ) ಬಹುಪ್ಯಾಟರ್ನ್ ಮೈಕುಗಳಲ್ಲಿ ಹೆಚ್ಚಿನವು 1930ರ ದಶಕದಲ್ಲಿ ಜರ್ಮನಿಯ ಬ್ರೌನ್‌ಮ್ಯೂಲ್ ಮತ್ತು ವೆಬರ್ ರೂಪಿಸಿದ ಕ್ಯಾಪ್ಸೂಲಿನ ತತ್ವವನ್ನೇ ಅನುಸರಿಸುತ್ತವೆ. ರಂಧ್ರಗಳಿರುವ ಒಂದು ಲೋಹದ ಹಿಂಫಲಕ, ಅದರ ಎರಡೂ ಬದಿಗಳಲ್ಲಿ ಚಿನ್ನದ ಲೇಪವಿರುವ ತೆಳುವಾದ ಪ್ಲಾಸ್ಟಿಕ್ ಪೊರೆ. ಒಂದೊಂದು ಬದಿಯೂ ಸ್ವತಂತ್ರವಾಗಿ ಒಂದು ಕಾರ್ಡಿಯಾಯ್ಡ್ ಮೈಕಿನಂತೆ ವರ್ತಿಸುತ್ತದೆ. ಮುಂದಿನ ಪೊರೆಗೆ ಯಾವಾಗಲೂ ಸ್ಥಿರವಾದ ಪೋಲರೈಸೇಶನ್ ವೋಲ್ಟೇಜ್, ಎಂದರೆ ಪೊರೆ ಕೆಲಸ ಮಾಡಲು ಬೇಕಾದ ವೋಲ್ಟೇಜ್, ಇರುತ್ತದೆ. ಹಿಂದಿನ ಪೊರೆಗೆ ವೋಲ್ಟೇಜ್ ಕೊಡದಿದ್ದರೆ ಸಿಗುವುದು ಕಾರ್ಡಿಯಾಯ್ಡ್. ಮುಂದಿನದಕ್ಕೆ ಸಮನಾದ ವೋಲ್ಟೇಜ್ ಕೊಟ್ಟರೆ ಎರಡೂ ಸೇರಿ ಓಮ್ನಿ. ಅಷ್ಟೇ ವೋಲ್ಟೇಜನ್ನು ವಿರುದ್ಧ ಧ್ರುವತೆಯಲ್ಲಿ ಕೊಟ್ಟರೆ ಒಂದರಿಂದ ಇನ್ನೊಂದು ಕಳೆದು ಫಿಗರ್ ಎಯ್ಟ್. 1960ರ ನಾಯ್ಮನ್ ಯು 67, 1967ರ ಯು 87, ಎಕೆಜಿಯ ಸಿ 414 ಮೊದಲಾದವುಗಳ ವಿದ್ಯುನ್ಮಂಡಲಗಳು ಬೇರೆಬೇರೆಯಾಗಿದ್ದರೂ, ಎರಡು ಕಾರ್ಡಿಯಾಯ್ಡ್‌ಗಳನ್ನು ಕೂಡಿಸುವ ಅಥವಾ ಕಳೆಯುವ ಈ ಲೆಕ್ಕ ಎಲ್ಲದಕ್ಕೂ ಒಂದೇ. ಆದ್ದರಿಂದಲೇ ಮುಂದೆ ಹೇಳುವ ಪರೀಕ್ಷೆ ಈ ಬಗೆಯ ಕ್ಯಾಪ್ಸೂಲ್ ಇರುವ ಯಾವ ಕಂಪನಿಯ ಮೈಕಿಗಾದರೂ ಅನ್ವಯವಾಗುತ್ತದೆ.

ಇಲ್ಲಿ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಪೊರೆಗೆ ವೋಲ್ಟೇಜ್ ತಲಪುವುದು ನೂರಾರು ಮೆಗಾಓಮ್‌ನಿಂದ ಗಿಗಾಓಮ್‌ವರೆಗಿನ ರೆಸಿಸ್ಟರ್‌ಗಳ ಮೂಲಕ. ಅಷ್ಟು ದೊಡ್ಡ ರೆಸಿಸ್ಟರ್ ಇರುವಲ್ಲಿ, ಇನ್ಸುಲೇಟರಿನ ಮೇಲೆ ಕೂತ ಕಣ್ಣಿಗೆ ಕಾಣದ ತೇವದ ಪದರವೂ ವಿದ್ಯುತ್ತಿಗೆ ಸುಲಭದ ದಾರಿಯಾಗುತ್ತದೆ. ಕರಾವಳಿಯಲ್ಲಿ ಈ ಮೈಕುಗಳಿಗೆ ಬರುವ ಅರ್ಧಕ್ಕೂ ಹೆಚ್ಚು ತೊಂದರೆಯ ಮೂಲ ಇದೇ ಎಂಬುದು ನನ್ನ ನಂಬಿಕೆ.

ಮೊದಲು ಮೈಕಿನ ಹೊರಗೆ ನೋಡಿ

ದೊಡ್ಡ ಡಯಾಫ್ರಂ ಮೈಕಿಗೆ ಪಕ್ಕದಿಂದ ಮಾತಾಡಬೇಕು, ತುದಿಯಿಂದಲ್ಲ. ಸಾಮಾನ್ಯವಾಗಿ ಕಂಪನಿಯ ಲಾಂಛನ ಅಥವಾ ಪ್ಯಾಟರ್ನಿನ ಗುರುತು ಇರುವ ಬದಿಯೇ ಮುಂಭಾಗ. ಶಾಕ್ ಮೌಂಟ್‌ನಲ್ಲಿ (ಅಲುಗಾಟ ತಡೆಯುವ ಹಿಡಿಕೆಯಲ್ಲಿ) ತಲೆಕೆಳಗಾಗಿ ತೂಗುಹಾಕುವಾಗ ಮೈಕ್ ತಿರುಗಿಬಿಟ್ಟು, ಹಾಡುವವರು ಹಿಂಭಾಗಕ್ಕೆ ಹಾಡುತ್ತಿರುವುದು ಅಪರೂಪವಲ್ಲ. ಆಗ ಕಾರ್ಡಿಯಾಯ್ಡ್‌ನಲ್ಲಿ ಧ್ವನಿ ಮಂಕಾಗಿ, ದೂರದಿಂದ ಬಂದಂತೆ ಇರುತ್ತದೆ. ಓಮ್ನಿಗೆ ಬಂದೊಡನೆ ಸರಿಯಾಗುತ್ತದೆ. ಇದನ್ನು ದೋಷವೆಂದು ಭಾವಿಸಿ ಮೈಕನ್ನು ರಿಪೇರಿಗೆ ಕಳುಹಿಸಿದವರಿದ್ದಾರೆ. ಹಾಗೆಯೇ ಎಕೆಜಿ ಸಿ 414 ಎಕ್ಸ್‌ಎಲ್‌ಎಸ್‌ನಂಥ, ಬಟನ್ ಒತ್ತಿ ಪ್ಯಾಟರ್ನ್ ಬದಲಿಸುವ ಮೈಕುಗಳಲ್ಲಿ ಬಟನ್ನುಗಳನ್ನು ಲಾಕ್ ಮಾಡುವ ಸೌಲಭ್ಯವಿದೆ. ಪ್ಯಾಟರ್ನ್ ಬದಲಾಗುತ್ತಿಲ್ಲವೆಂದರೆ ಮೊದಲು ಅದು ಲಾಕ್ ಆಗಿದೆಯೇ ಎಂದು ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಸ್ವಿಚ್ ತಿರುಗಿಸಿದ ಮೇಲೆ ಕೆಲವು ಸೆಕೆಂಡು ಕಾಯುವುದೂ ಅಗತ್ಯ. ಹೊಸ ವೋಲ್ಟೇಜ್ ದೊಡ್ಡ ರೆಸಿಸ್ಟರ್‌ಗಳ ಮೂಲಕ ಹರಿದು ಕೆಪಾಸಿಟರುಗಳನ್ನು ತುಂಬಲು ಸಮಯ ಬೇಕು. ಆ ಹೊತ್ತಿನಲ್ಲಿ ‘ಧಡ್’ ಎಂಬ ಸದ್ದು, ಬಳಿಕ ನಿಧಾನವಾಗಿ ಏರುವ ಧ್ವನಿ ಹಲವು ಮೈಕುಗಳಲ್ಲಿ ಸಹಜ. ಹೆಡ್‌ಫೋನ್ ಹಾಕಿಕೊಂಡವರ ಕಿವಿಯ ದೃಷ್ಟಿಯಿಂದ ಚಾನೆಲನ್ನು ಮ್ಯೂಟ್ ಮಾಡಿಯೇ ಸ್ವಿಚ್ ತಿರುಗಿಸಬೇಕು. ಅಟೆನ್ಯುಯೇಟರ್ (ಧ್ವನಿಯ ಮಟ್ಟ ಇಳಿಸುವ ಸ್ವಿಚ್) ಮತ್ತು ಪ್ಯಾಟರ್ನ್ ಸ್ವಿಚ್‌ಗಳು ಎರಡು ಸ್ಥಾನಗಳ ನಡುವೆ ನಿಂತಿಲ್ಲ ಎಂಬುದನ್ನೂ ಬೆರಳಿನಿಂದ ಒತ್ತಿ ನೋಡಿ.

ಅನಂತರ ಕೇಬಲ್. ಬೇರೆ ಕೇಬಲ್, ಬೇರೆ ಚಾನೆಲ್, ಸಾಧ್ಯವಾದರೆ ಬೇರೆ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ): ಇವುಗಳನ್ನು ಒಂದೊಂದಾಗಿ ಬದಲಿಸಿ ಕೇಳಬೇಕು, ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕಾರಣ ತಿಳಿಯುವುದಿಲ್ಲ. ಸಮುದ್ರಕ್ಕೆ ಹತ್ತಿರದ ಸ್ಟುಡಿಯೊಗಳಲ್ಲಿ ಮೈಕ್ ಕೇಬಲಿನ ಎಕ್ಸ್‌ಎಲ್‌ಆರ್ ಕನೆಕ್ಟರಿನ ಮೂರು ಪಿನ್ನುಗಳು ಉಪ್ಪುಗಾಳಿಗೆ ಕಪ್ಪಾಗಿ ಸಂಪರ್ಕ ಸಡಿಲವಾಗುವುದು ಸಾಮಾನ್ಯ. ಕೇಬಲನ್ನು ಅಲ್ಲಾಡಿಸಿದಾಗ ಸದ್ದು ಬದಲಾದರೆ ಅಲ್ಲಿಗೇ ನಿಲ್ಲಿಸಿ, ಕೇಬಲನ್ನು ಸರಿಪಡಿಸಿ.

ಫ್ಯಾಂಟಮ್ ಪವರ್, ಎಂದರೆ ಕೇಬಲಿನ ಮೂಲಕವೇ ಮೈಕಿಗೆ ಬರುವ ವಿದ್ಯುತ್, ಅಳೆಯುವುದನ್ನು ಅನೇಕರು ಬಿಟ್ಟುಬಿಡುತ್ತಾರೆ, ಇದು ಬಿಡಬಾರದ ಹೆಜ್ಜೆ. ಮೈಕ್ ಸಿಕ್ಕಿಸದೆ, ಕೇಬಲಿನ ತುದಿಯಲ್ಲಿ ಪಿನ್ 1 ಮತ್ತು 2ರ ನಡುವೆ, ಬಳಿಕ 1 ಮತ್ತು 3ರ ನಡುವೆ ಮಲ್ಟಿಮೀಟರ್ ಹಿಡಿದರೆ ಎರಡೂ ಕಡೆ 44ರಿಂದ 52 ವೋಲ್ಟ್ ಇರಬೇಕು, ಮತ್ತು ಎರಡೂ ಬಹುತೇಕ ಒಂದೇ ಆಗಿರಬೇಕು. ಇದು ಖಾಲಿ ಅಳತೆ ಮಾತ್ರ. ಪ್ರತಿ ಪಿನ್ನಿಗೂ 6.8 ಕಿಲೋಓಮ್ ರೆಸಿಸ್ಟರಿನ ಮೂಲಕ ವಿದ್ಯುತ್ ಬರುವುದರಿಂದ, ಮೀಟರನ್ನು ಮಿಲಿಆಂಪಿಯರಿಗೆ ಇಟ್ಟು ಪಿನ್ 1 ಮತ್ತು 2ನ್ನು ಕ್ಷಣಕಾಲ ಜೋಡಿಸಿದರೆ ಸುಮಾರು 7 ಮಿಲಿಆಂಪಿಯರ್ ಸಿಗಬೇಕು, ಪಿನ್ 3ರಲ್ಲೂ ಅಷ್ಟೇ. ಕಂಪ್ಯೂಟರಿನ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಕೆಲವು ಅಗ್ಗದ ಇಂಟರ್‌ಫೇಸ್‌ಗಳು ಖಾಲಿಯಿದ್ದಾಗ 48 ತೋರಿಸಿ, ಮೈಕ್ ಸಿಕ್ಕಿಸಿದಾಗ ಕುಸಿಯುತ್ತವೆ. ಆದರೆ ಮೈಕ್ ಸಿಕ್ಕಿಸಿದ ಮೇಲೆ ಪಿನ್ನಿನಲ್ಲಿ 48 ಇಲ್ಲವೆಂದು ಗಾಬರಿಯಾಗಬೇಕಿಲ್ಲ: 4.5 ಮಿಲಿಆಂಪಿಯರ್ ಬಳಸುವ ಮೈಕಿನಲ್ಲಿ ಸುಮಾರು 33 ವೋಲ್ಟ್ ಕಾಣುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಅದಕ್ಕಿಂತಲೂ ಬಹಳ ಕಡಿಮೆಯಾದರೆ ಮೈಕಿನೊಳಗೆ ಪೋಲರೈಸೇಶನ್ ವೋಲ್ಟೇಜ್ ತಯಾರಿಸುವ ಕನ್ವರ್ಟರ್ ಮೊದಲು ಸೋಲುತ್ತದೆ, ಮತ್ತು ದೋಷವು ಪ್ಯಾಟರ್ನಿನ ದೋಷದಂತೆಯೇ ಕಾಣುತ್ತದೆ.

ಮೂರು ಸ್ಥಾನಗಳ ಪರೀಕ್ಷೆ

ಪರೀಕ್ಷೆಗೆ ಒಂದು ಸಣ್ಣ ಸ್ಪೀಕರ್, ಅದರಲ್ಲಿ ಪಿಂಕ್ ನಾಯ್ಸ್ (ಎಲ್ಲ ಸ್ಥಾಯಿಗಳೂ ಬೆರೆತ ‘ಷ್’ ಎಂಬ ಪರೀಕ್ಷಾ ಸದ್ದು), ಮತ್ತು ಸುಲಭವಾಗಿ ತಿರುಗಿಸಬಹುದಾದ ಸ್ಟ್ಯಾಂಡ್ ಸಾಕು. ನಮ್ಮಲ್ಲಿ ಕೈಗೆ ಸಿಗುವ ಶ್ರುತಿಪೆಟ್ಟಿಗೆಯನ್ನೇ ಇಟ್ಟು ಪರೀಕ್ಷಿಸುವ ಅಭ್ಯಾಸವಿದೆ, ಆದರೆ ಈ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಒಂದೇ ಸ್ಥಾಯಿಯ ನಾದವು ಕೋಣೆಯ ಗೋಡೆಗಳಿಗೆ ಬಡಿದು ಒಂದೆಡೆ ಹೆಚ್ಚಾಗಿ, ಇನ್ನೊಂದೆಡೆ ಕಡಿಮೆಯಾಗಿ ನಿಲ್ಲುತ್ತದೆ. ಆ ವ್ಯತ್ಯಾಸ ಮೈಕಿನದೋ ಕೋಣೆಯದೋ ಹೇಳಲಾಗದು. ಸ್ಪೀಕರನ್ನು ಮೈಕಿನಿಂದ ಅರ್ಧ ಮೀಟರ್ ದೂರದಲ್ಲಿ, ಕ್ಯಾಪ್ಸೂಲಿನ ಎತ್ತರಕ್ಕೆ ಇಟ್ಟು, ಅದನ್ನು ಕದಲಿಸದೆ ಮೈಕನ್ನೇ ತಿರುಗಿಸಿ. ಪ್ರತಿ ಪ್ಯಾಟರ್ನಿನಲ್ಲೂ ಮುಂಭಾಗ, ಪಕ್ಕ, ಹಿಂಭಾಗ ಎಂದು ಮೂರು ದಿಕ್ಕುಗಳಲ್ಲಿ ಮುದ್ರಿಸಿಕೊಂಡರೆ ಒಂಬತ್ತು ತುಣುಕುಗಳಾಗುತ್ತವೆ. ಗೇನನ್ನು (ಧ್ವನಿ ಹಿಗ್ಗಿಸುವ ಪ್ರಮಾಣವನ್ನು) ಮುಟ್ಟಬೇಡಿ.

ಆರೋಗ್ಯವಾಗಿರುವ ಮೈಕಿನಲ್ಲಿ ಮುಂಭಾಗದ ಮಟ್ಟ ಮೂರು ಪ್ಯಾಟರ್ನಿನಲ್ಲೂ ಬಹುತೇಕ ಒಂದೇ ಇರುತ್ತದೆ. ಎರಡು ಮೂರು ಡೆಸಿಬೆಲ್ ವ್ಯತ್ಯಾಸ ಉತ್ತಮ ಮೈಕುಗಳಲ್ಲೂ ಇರುವುದೇ. ಕಾರ್ಡಿಯಾಯ್ಡ್‌ನಲ್ಲಿ ಹಿಂಭಾಗ ಗಣನೀಯವಾಗಿ ಇಳಿಯಬೇಕು. ಫಿಗರ್ ಎಯ್ಟ್‌ನಲ್ಲಿ ಹಿಂಭಾಗವು ಮುಂಭಾಗಕ್ಕೆ ಸಮನಾಗಿ, ಪಕ್ಕದಲ್ಲಿ ಆಳವಾದ ತಗ್ಗು, ಎಂದರೆ ಸದ್ದು ಬಹುತೇಕ ಕೇಳದ ಕೋನ, ಸಿಗಬೇಕು. ಓಮ್ನಿಯಲ್ಲಿ ಮೂರೂ ಕಡೆ ಮಟ್ಟ ಒಂದೇ, ಆದರೆ ಪಕ್ಕದಿಂದ ತಾರಸ್ಥಾಯಿಯ ಸದ್ದುಗಳು ಸ್ವಲ್ಪ ಮಂಕಾಗುವುದು ದೊಡ್ಡ ಡಯಾಫ್ರಂನ ಸ್ವಭಾವ. ಅದಕ್ಕೆ ಮದ್ದು ಹುಡುಕಬೇಡಿ.

ಇನ್ನು ದೋಷದ ಲಕ್ಷಣಗಳು. ಮೂರು ಸ್ಥಾನಗಳಲ್ಲೂ ಮೈಕ್ ಕಾರ್ಡಿಯಾಯ್ಡ್‌ನಂತೆಯೇ ವರ್ತಿಸಿದರೆ, ಎಂದರೆ ಮುಂದೆ ಚೆನ್ನಾಗಿ, ಹಿಂದೆ ಕಡಿಮೆ ಕೇಳಿಸಿದರೆ, ಹಿಂದಿನ ಪೊರೆಗೆ ವೋಲ್ಟೇಜ್ ತಲಪುತ್ತಿಲ್ಲ, ಅಥವಾ ಅದಕ್ಕೆ ಹೋಗುವ ಕೂದಲೆಳೆಯಂಥ ತಂತಿ ತುಂಡಾಗಿದೆ. ಮುಂದಿನ ಪೊರೆ, ಆಂಪ್ಲಿಫೈಯರ್, ಔಟ್‌ಪುಟ್ ಎಲ್ಲವೂ ಸರಿಯಾಗಿವೆ ಎಂದೂ ಇದೇ ಪರೀಕ್ಷೆ ಹೇಳುತ್ತದೆ. ಅಂಥ ಮೈಕನ್ನು ರಿಪೇರಿಯ ತನಕ ಕಾರ್ಡಿಯಾಯ್ಡ್‌ನಲ್ಲಿ ನಿಶ್ಚಿಂತೆಯಿಂದ ಬಳಸಬಹುದು. ಇದಕ್ಕೆ ವಿರುದ್ಧವಾಗಿ, ಕಾರ್ಡಿಯಾಯ್ಡ್‌ನಲ್ಲಿ ಧ್ವನಿಯೇ ಇಲ್ಲದಷ್ಟು ಕ್ಷೀಣವಾಗಿದ್ದು, ಓಮ್ನಿ ಮತ್ತು ಫಿಗರ್ ಎಯ್ಟ್ ಎರಡರಲ್ಲೂ ಹಿಂದಿನಿಂದ ಮಾತ್ರ ಚೆನ್ನಾಗಿ ಕೇಳಿಸಿದರೆ, ಸತ್ತಿರುವುದು ಮುಂದಿನ ಬದಿ. ಮೈಕ್ ಪೂರ್ತಿ ಹಾಳಾಗಿದೆ ಎಂದು ಮೂಲೆಗೆ ಸೇರುವುದು ಹೆಚ್ಚಾಗಿ ಇಂಥದ್ದೇ, ಏಕೆಂದರೆ ಕಾರ್ಡಿಯಾಯ್ಡ್ ಬಿಟ್ಟು ಬೇರೆ ಸ್ಥಾನಕ್ಕೆ ತಿರುಗಿಸಿ ನೋಡುವವರು ಕಡಿಮೆ. ಮೂರರಲ್ಲೂ, ಎಲ್ಲ ದಿಕ್ಕಿನಿಂದಲೂ ಸಮನಾಗಿ ಕ್ಷೀಣವಾದರೆ ಪೊರೆಗಳನ್ನು ದೂರುವಂತಿಲ್ಲ. ಎರಡಕ್ಕೂ ಸಾಮಾನ್ಯವಾದ ಕನ್ವರ್ಟರ್, ಹಿಂಫಲಕದ ತಂತಿ ಅಥವಾ ಆಂಪ್ಲಿಫೈಯರ್ ಕಡೆ ನೋಡಬೇಕು.

ಪೂರ್ತಿ ಸಾಯದೆ, ಅರ್ಧ ಬಲ ಕಳೆದುಕೊಂಡ ಬದಿಯನ್ನು ಹಿಡಿಯಲು ಫಿಗರ್ ಎಯ್ಟ್‌ನ ತಗ್ಗಿಗಿಂತ ಸೂಕ್ಷ್ಮವಾದ ಅಳತೆಗೋಲಿಲ್ಲ. ಎರಡೂ ಬದಿ ಸಮಬಲವಾಗಿದ್ದರೆ ತಗ್ಗು ಮುಂಭಾಗದಿಂದ ಸರಿಯಾಗಿ 90 ಡಿಗ್ರಿಯಲ್ಲಿ ಸಿಗುತ್ತದೆ. ಹಿಂದಿನ ಬದಿಯ ಬಲ ಅರ್ಧಕ್ಕೆ ಇಳಿದರೆ ಹಿಂದಿನ ಮಟ್ಟ 6 ಡೆಸಿಬೆಲ್ ಇಳಿಯುವುದಲ್ಲದೆ, ತಗ್ಗು 90ರಿಂದ ಜಾರಿ ಸುಮಾರು 110 ಡಿಗ್ರಿಗೆ ಸರಿಯುತ್ತದೆ. ಮೂರನೇ ಒಂದಕ್ಕೆ ಇಳಿದರೆ 120ಕ್ಕೆ. ತಗ್ಗು ಮುಂದಕ್ಕೆ ಸರಿದಿದ್ದರೆ ದುರ್ಬಲವಾಗಿರುವುದು ಮುಂದಿನ ಬದಿ. ಮೈಕನ್ನು ಮೆಲ್ಲನೆ ತಿರುಗಿಸುತ್ತಾ ಸದ್ದು ಅತ್ಯಂತ ಕಡಿಮೆಯಾಗುವ ಕೋನವನ್ನು ಸ್ಟ್ಯಾಂಡಿನ ಮೇಲೆ ಗುರುತು ಹಾಕಿಕೊಂಡರೆ ಸಾಕು, ಬೇರಾವ ಉಪಕರಣವೂ ಬೇಡ. ಭಾಗವತರ ಹಾಡನ್ನು ಮುದ್ರಿಸುವಾಗ ಚೆಂಡೆಯನ್ನು ಈ ತಗ್ಗಿನ ನೇರಕ್ಕೆ ಕೂರಿಸಿ ಅದರ ಸದ್ದನ್ನು ತಗ್ಗಿಸುವುದು ನಮ್ಮಲ್ಲಿ ರೂಢಿಯ ಉಪಾಯ. ನಿನ್ನೆಯವರೆಗೆ ತಡೆಯುತ್ತಿದ್ದ ಚೆಂಡೆ ಇಂದು ಅದೇ ಜಾಗದಿಂದ ಹಾಡಿನೊಳಗೆ ನುಗ್ಗುತ್ತಿದ್ದರೆ, ಚೆಂಡೆಯವರನ್ನು ಸರಿಸುವ ಮೊದಲು ತಗ್ಗು ಎಲ್ಲಿದೆಯೆಂದು ನೋಡಬೇಕು.

ಗಟ್ಟಿ ಗೋಡೆಗಳ ಸಣ್ಣ ಕೋಣೆಯಲ್ಲಿ ಪ್ರತಿಧ್ವನಿ ಈ ತಗ್ಗನ್ನು ತುಂಬಿಬಿಡುತ್ತದೆ. ಅನುಮಾನವಿದ್ದರೆ ಸ್ಪೀಕರನ್ನು ಇನ್ನೂ ಹತ್ತಿರಕ್ಕೆ ತನ್ನಿ, ಅಥವಾ ಮಳೆಯಿಲ್ಲದ ದಿನ ಗೋಡೆಗಳಿಂದ ದೂರದ ತೆರೆದ ಜಾಗದಲ್ಲಿ ಪರೀಕ್ಷಿಸಿ.

ಸ್ವಿಚ್ ನಿಜವಾಗಿ ಎರಡೂ ಧ್ರುವತೆ ಕೊಡುತ್ತಿದೆಯೇ ಎಂಬುದಕ್ಕೆ ಇನ್ನೊಂದು ಪರೀಕ್ಷೆಯಿದೆ. ಮೈಕಿನ ಹಿಂದೆ ನಿಂತು ಎರಡು ಮರದ ತುಂಡುಗಳನ್ನು ಒಮ್ಮೆ ಬಡಿದು, ಕಂಪ್ಯೂಟರಿನಲ್ಲಿ ಆ ಸದ್ದಿನ ಅಲೆಯನ್ನು ಹಿಗ್ಗಿಸಿ ನೋಡಿ. ಓಮ್ನಿಯಲ್ಲಿ ಅಲೆಯ ಮೊದಲ ಏರಿಕೆ ಮೇಲಕ್ಕಿದ್ದರೆ ಫಿಗರ್ ಎಯ್ಟ್‌ನಲ್ಲಿ ಕೆಳಕ್ಕಿರಬೇಕು. ಎರಡರಲ್ಲೂ ಒಂದೇ ದಿಕ್ಕಿಗಿದ್ದರೆ ಸ್ವಿಚ್ ಸ್ಥಾನ ಬದಲಾದರೂ ಒಳಗಿನ ಸಂಪರ್ಕ ಬದಲಾಗಿಲ್ಲ.

ಚಟಪಟ ಸದ್ದು ಮತ್ತು ತೇವ

ಹುರಿಯುವಂಥ, ಸಿಡಿಯುವಂಥ ಸದ್ದು ಕೇಳಿಸಿದರೆ ಅದನ್ನೂ ಮೂರು ಸ್ಥಾನಗಳಲ್ಲಿ, ನಿಶ್ಶಬ್ದ ಕೋಣೆಯಲ್ಲಿ, ಗೇನ್ ಏರಿಸಿ ಕೇಳಬೇಕು. ಕಾರ್ಡಿಯಾಯ್ಡ್‌ನಲ್ಲಿ ಸ್ವಚ್ಛವಾಗಿದ್ದು ಉಳಿದೆರಡರಲ್ಲಿ ಮಾತ್ರ ಸಿಡಿದರೆ ಸೋರಿಕೆ ಇರುವುದು ಹಿಂದಿನ ಪೊರೆಯ ಕಡೆ, ಏಕೆಂದರೆ ಅದಕ್ಕೆ ವೋಲ್ಟೇಜ್ ಬರುವುದೇ ಆ ಎರಡು ಸ್ಥಾನಗಳಲ್ಲಿ. ಮೂರರಲ್ಲೂ ಸಿಡಿದರೆ ಮುಂದಿನ ಬದಿ ಅಥವಾ ಆಂಪ್ಲಿಫೈಯರಿನ ಇನ್‌ಪುಟ್ ಭಾಗ. ಎರಡರಲ್ಲಿ ಒಂದರಲ್ಲಿ ಮಾತ್ರ ಸಿಡಿದರೆ, ಆ ಸ್ಥಾನದ ವೋಲ್ಟೇಜ್ ಬರುವ ದಾರಿ, ಎಂದರೆ ಸ್ವಿಚ್ ಅಥವಾ ಕನ್ವರ್ಟರ್, ಪೊರೆಗಿಂತ ಹೆಚ್ಚು ಅನುಮಾನಾಸ್ಪದ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಗಾಳಿಯ ಆರ್ದ್ರತೆ ಹೆಚ್ಚಿನ ದಿನಗಳಲ್ಲಿ ಶೇಕಡ 80ನ್ನು ಮೀರುತ್ತದೆ. ಆದರೆ ಮಳೆಗಿಂತ ಹೆಚ್ಚು ಹಾನಿ ಮಾಡುವುದು ಹಠಾತ್ತನೆ ಬದಲಾಗುವ ಉಷ್ಣತೆ. ಎಸಿಯಲ್ಲಿ ತಣ್ಣಗಾದ ಮೈಕನ್ನು ಹಾಗೆಯೇ ಹೊರಗಿನ ಚಾವಡಿಗೋ ದೇವಸ್ಥಾನದ ಅಂಗಳಕ್ಕೋ ಒಯ್ದರೆ, ಹೊರಗಿನ ತೇವದ ಗಾಳಿ ತಣ್ಣನೆಯ ಪೊರೆಯ ಮೇಲೆ ನೀರಾಗಿ ಕೂರುತ್ತದೆ. ಹೀಗೆ ಸಾಗಿಸುವಾಗ ಮೈಕನ್ನು ಮುಚ್ಚಿದ ಪೆಟ್ಟಿಗೆಯಲ್ಲೇ ಅರ್ಧ ಗಂಟೆ ಬಿಟ್ಟು, ಹೊರಗಿನ ಉಷ್ಣತೆಗೆ ಹೊಂದಿಕೊಂಡ ಮೇಲೆ ತೆರೆಯಬೇಕು.

ತೇವದ ಅನುಮಾನಕ್ಕೆ ಮೊದಲ ಚಿಕಿತ್ಸೆ ಒಣಗಿಸುವುದು, ಅದೇ ಅತ್ಯುತ್ತಮ ಪರೀಕ್ಷೆ ಕೂಡ. ಗಾಳಿಯಾಡದ ಡಬ್ಬಿಯಲ್ಲಿ ಸಾಕಷ್ಟು ಸಿಲಿಕಾ ಜೆಲ್ ಜೊತೆಗೆ ಮೈಕನ್ನು ಜಾಲರಿ ಬಿಚ್ಚದೆ ಒಂದು ಇಡೀ ದಿನ ಇಟ್ಟು, ಮತ್ತೆ ಅದೇ ಮೂರು ಸ್ಥಾನಗಳ ಪರೀಕ್ಷೆ ಮಾಡಿ. ನೀಲಿಯಿಂದ ಗುಲಾಬಿಗೆ, ಅಥವಾ ಕಿತ್ತಳೆಯಿಂದ ಹಸಿರಿಗೆ ತಿರುಗಿದ ಸಿಲಿಕಾ ಜೆಲ್ ತೇವ ಕುಡಿದು ತುಂಬಿದೆ. ಅದನ್ನು ಬಿಸಿಮಾಡಿ ಒಣಗಿಸದೆ ಮರುಬಳಸಿದರೆ ಪರೀಕ್ಷೆ ವ್ಯರ್ಥ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ: ಎಳೆದು ಕಟ್ಟಿದ ಪೊರೆಯ ಬಿಗಿತ ಬಿಸಿಗೆ ಬದಲಾಗಬಹುದು. ಅಕ್ಕಿಯ ಡಬ್ಬಿಯಲ್ಲಿಡುವುದಂತೂ ಕೂಡದು, ಅಕ್ಕಿಯ ಪುಡಿ ಜಾಲರಿಯೊಳಗೆ ಸೇರುತ್ತದೆ.

ಒಣಗಿದ ಮೇಲೆ ಸದ್ದು ನಿಂತು ವಾರಗಟ್ಟಲೆ ಮರಳದಿದ್ದರೆ ಬೇರೆ ರಿಪೇರಿ ಬೇಕಿಲ್ಲ, ಇಡುವ ಜಾಗ ಬದಲಿಸಿದರೆ ಸಾಕು. ಆರ್ದ್ರತೆಯನ್ನು ಶೇಕಡ 40ರಿಂದ 50ರ ನಡುವೆ ಕಾಯುವ, ಕ್ಯಾಮೆರಾದವರು ಬಳಸುವ ಡ್ರೈ ಕ್ಯಾಬಿನೆಟ್ ಕರಾವಳಿಯ ಸ್ಟುಡಿಯೊಗೆ ಹೊಸ ಮೈಕಿಗಿಂತಲೂ ಮೊದಲು ಬೇಕಾದ ಖರೀದಿ ಎಂಬುದು ನನ್ನ ದೃಢ ಅಭಿಪ್ರಾಯ. ಒಣಗಿಸಿದ ಒಂದೆರಡು ದಿನಗಳಲ್ಲೇ ಸದ್ದು ಮರಳಿದರೆ, ಪೊರೆಯ ಅಂಚಿನಲ್ಲಿ ಅಥವಾ ಇನ್ಸುಲೇಟರಿನ ಮೇಲೆ ಉಪ್ಪು, ಧೂಳು, ಹಾಡುವವರ ಉಗುಳಿನ ಕಣಗಳು ಸೇರಿ ಪದರವಾಗಿವೆ ಎಂದರ್ಥ. ಉಪ್ಪು ತಾನೇ ತೇವವನ್ನು ಎಳೆದುಕೊಳ್ಳುವುದರಿಂದ ಬರಿ ಒಣಗಿಸುವುದು ಸಾಲದು, ಶುಚಿ ಮಾಡಲೇಬೇಕು. ಆದರೆ ಕೆಲವೇ ಮೈಕ್ರಾನ್ ದಪ್ಪದ ಪೊರೆಯನ್ನು ಶುಚಿಮಾಡುವುದು ಕ್ಯಾಪ್ಸೂಲಿನ ಕೆಲಸವನ್ನೇ ಕಸುಬಾಗಿಸಿಕೊಂಡವರಿಗೆ ಬಿಟ್ಟ ವಿಷಯ. ಬೆರಳು, ಬಟ್ಟೆ, ಹತ್ತಿ, ಬಾಯಿಯ ಗಾಳಿ, ಒತ್ತಡದ ಗಾಳಿ ಇವಾವುದೂ ಅದಕ್ಕೆ ತಾಗಕೂಡದು. ಮುಂದಕ್ಕಾದರೂ ಹಾಡುವವರ ಬಾಯಿಗೂ ಮೈಕಿಗೂ ನಡುವೆ ಪಾಪ್ ಫಿಲ್ಟರ್ ಇಟ್ಟು ಒಂದು ಗೇಣು ಅಂತರ ಕಾಯ್ದುಕೊಳ್ಳಿ.

ವೋಲ್ಟೇಜ್ ಅಳೆಯುವವರಿಗೆ ಒಂದು ಎಚ್ಚರಿಕೆ

ವಾರಂಟಿ ಮುಗಿದ, ಫ್ಯಾಂಟಮ್ ಪವರಿನಲ್ಲಿ ನಡೆಯುವ ಮೈಕನ್ನು ಬಿಚ್ಚಿ ನೋಡುವಷ್ಟು ಅನುಭವ ಇರುವವರು ಒಂದು ವಿಷಯ ತಿಳಿದಿರಬೇಕು. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಆಂತರಿಕ ರೋಧ 10 ಮೆಗಾಓಮ್. 60 ವೋಲ್ಟ್ ಇರುವ ಪೊರೆಯ ತಂತಿಗೆ, 1 ಗಿಗಾಓಮ್ ರೆಸಿಸ್ಟರಿನ ಈಚೆಗೆ, ಆ ಮೀಟರ್ ತಾಗಿಸಿದರೆ ಅದು ತೋರಿಸುವುದು ಸುಮಾರು 0.6 ವೋಲ್ಟ್ ಮಾತ್ರ. ಕಡಿಮೆ ಮಾಡಿದ್ದು ಮೀಟರೇ. ಆದ್ದರಿಂದ ಅಳೆಯಬೇಕಾದದ್ದು ದೊಡ್ಡ ರೆಸಿಸ್ಟರಿಗೆ ಮೊದಲು, ಕನ್ವರ್ಟರಿನ ಔಟ್‌ಪುಟ್‌ನಲ್ಲಿ ಮತ್ತು ಸ್ವಿಚ್ಚಿನ ಕಾಲುಗಳಲ್ಲಿ. ಪ್ರತಿ ಸ್ಥಾನಕ್ಕೂ ಸರಿಯಾದ ವೋಲ್ಟೇಜ್ ಎಷ್ಟೆಂಬುದು ಮಾದರಿಯಿಂದ ಮಾದರಿಗೆ ಬೇರೆ. ಸರ್ವಿಸ್ ನಕ್ಷೆ ಕೈಯಲ್ಲಿಲ್ಲದೆ ಅಂಕಿಯನ್ನು ಊಹಿಸಬಾರದು.

ಸ್ವಿಚ್ಚಿಗೆ ಸರಿಯಾದ ವೋಲ್ಟೇಜ್ ಬಂದು, ಅದರಿಂದ ಮುಂದಕ್ಕೆ ಹೋಗದಿದ್ದರೆ ದೋಷ ಸ್ವಿಚ್ಚಿನದೇ. ಅದರ ಒಳಸಂಪರ್ಕಗಳ ಮೇಲೆ ಕಿಲುಬು ಹಿಡಿಯುವುದು ಇಲ್ಲಿನ ಹವೆಯಲ್ಲಿ ತೀರ ಸಾಮಾನ್ಯ; ಯಾವಾಗಲೂ ಕಾರ್ಡಿಯಾಯ್ಡ್‌ನಲ್ಲೇ ಬಿಟ್ಟ ಮೈಕಿನಲ್ಲಿ ಉಳಿದೆರಡು ಸ್ಥಾನಗಳು ಮೊದಲು ಕೆಡುತ್ತವೆ. ಸ್ವಿಚ್ಚನ್ನು ಹತ್ತಿಪ್ಪತ್ತು ಬಾರಿ ಅತ್ತಿತ್ತ ಆಡಿಸಿದಾಗ ಪ್ಯಾಟರ್ನ್ ಮರಳಿ ಬಂದರೆ ಕಾರಣ ಅದೇ. ಕಾಂಟ್ಯಾಕ್ಟ್ ಕ್ಲೀನರನ್ನು ಸಿಂಪಡಿಸಬೇಡಿ, ಎಣ್ಣೆಯಂಶವಿರುವ ಸ್ಪ್ರೇ ಇನ್ಸುಲೇಟರುಗಳ ಮೇಲೆ ಹರಡಿ ಹೊಸ ಸೋರಿಕೆಗೆ ದಾರಿ ಮಾಡುತ್ತದೆ. ಇನ್ಸುಲೇಟರಿಗೂ ದೊಡ್ಡ ರೆಸಿಸ್ಟರುಗಳ ಸುತ್ತಲಿಗೂ ಬೆರಳು ತಾಗಿದರೆ ಬೆವರಿನ ಉಪ್ಪು ಉಳಿಯುತ್ತದೆ. ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬೋರ್ಡಿನ ಆ ಭಾಗವನ್ನಷ್ಟೇ ಒರೆಸಬಹುದು, ಪೊರೆಯನ್ನಲ್ಲ.

ವ್ಯಾಕ್ಯೂಮ್ ಟ್ಯೂಬ್ ಮೈಕುಗಳನ್ನು ಬಿಚ್ಚಲೇಬೇಡಿ. ಅವುಗಳ ಪವರ್ ಸಪ್ಲೈ ನೂರು ವೋಲ್ಟಿಗೂ ಮೇಲಿನ ವಿದ್ಯುತ್ ಕೊಡುತ್ತದೆ, ಮತ್ತು ಸ್ವಿಚ್ ಆಫ್ ಮಾಡಿದ ಮೇಲೂ ಅದು ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಅಂಥ ಹಲವು ಮೈಕುಗಳಲ್ಲಿ ಪ್ಯಾಟರ್ನ್ ಸ್ವಿಚ್ ಇರುವುದು ಪವರ್ ಸಪ್ಲೈ ಮೇಲೆ. ವೋಲ್ಟೇಜ್ ಬಹುಪಿನ್ನಿನ ಕೇಬಲಿನ ಒಂದು ತಂತಿಯಲ್ಲಿ ಹೋಗುತ್ತದೆ. ಧ್ವನಿ ಸರಿಯಾಗಿದ್ದು ಪ್ಯಾಟರ್ನ್ ಮಾತ್ರ ಬದಲಾಗದಿದ್ದರೆ ಆ ಕೇಬಲಿನ ಪಿನ್ನುಗಳೇ ಮೊದಲ ಅನುಮಾನ. ಕೇಬಲನ್ನು ಸಿಕ್ಕಿಸುವುದು, ತೆಗೆಯುವುದು ಪವರ್ ಆಫ್ ಆಗಿರುವಾಗ ಮಾತ್ರ. ಪಾಡ್‌ಕಾಸ್ಟಿಗೆ ಬಳಸುವ ಬ್ಲೂ ಯೇತಿಯಂಥ ಯುಎಸ್‌ಬಿ ಮೈಕುಗಳ ರಚನೆ ಬೇರೆ: ಅದರೊಳಗೆ ಮೂರು ಸಣ್ಣ ಕ್ಯಾಪ್ಸೂಲ್‌ಗಳಿದ್ದು, ಅವುಗಳನ್ನು ಬೇರೆಬೇರೆಯಾಗಿ ಜೋಡಿಸಿ ಪ್ಯಾಟರ್ನ್ ಪಡೆಯಲಾಗುತ್ತದೆ. ದಿಕ್ಕು ಬದಲಿಸಿ ಕೇಳುವ ಪರೀಕ್ಷೆ ಅಲ್ಲಿಯೂ ನಡೆಯುತ್ತದೆ, ಪೊರೆ ಮತ್ತು ಧ್ರುವತೆಯ ತರ್ಕ ನಡೆಯುವುದಿಲ್ಲ.

ರಿಪೇರಿಗೆ ಕಳುಹಿಸುವಾಗ

‘ಮೈಕ್ ಸರಿಯಿಲ್ಲ’ ಎಂದಷ್ಟೇ ಬರೆದು ಕಳುಹಿಸಿದರೆ, ಒಣ ಹವೆಯ ಊರಿನ ಸರ್ವಿಸ್ ಕೇಂದ್ರವನ್ನು ತಲಪುವಷ್ಟರಲ್ಲಿ ತೇವ ಆರಿ, ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೆ ಅದು ಮರಳಿ ಬರುವ ಸಂಭವವೇ ಹೆಚ್ಚು. ಆದ್ದರಿಂದ ಒಂಬತ್ತು ತುಣುಕುಗಳ ಮುದ್ರಣ, ಫಿಗರ್ ಎಯ್ಟ್‌ನ ತಗ್ಗು ಸಿಕ್ಕ ಕೋನ, ಸದ್ದು ಯಾವ ಸ್ಥಾನದಲ್ಲಿ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಒಣಗಿಸಿದ ಮೇಲೆ ಏನಾಯಿತು, ಫ್ಯಾಂಟಮ್ ಪವರಿನ ಅಳತೆ ಎಷ್ಟು ಎಂಬುದನ್ನೆಲ್ಲ ಬರೆದು ಜೊತೆಗಿಡಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಇರಲಿ, ಸ್ಪಂಜು ಜಾಲರಿಯನ್ನು ಒತ್ತದಿರಲಿ. ಮೈಕ್ ಮರಳಿ ಬಂದ ದಿನವೇ, ಅದೇ ಕೋಣೆಯ ಅದೇ ಜಾಗದಲ್ಲಿ, ಅದೇ ಸ್ಪೀಕರ್ ಮತ್ತು ಅದೇ ಗೇನ್ ಇಟ್ಟು ಒಂಬತ್ತೂ ತುಣುಕುಗಳನ್ನು ಮತ್ತೆ ಮುದ್ರಿಸಿ ಹಳೆಯವುಗಳೊಂದಿಗೆ ಹೋಲಿಸಿ. ತಗ್ಗು 90 ಡಿಗ್ರಿಗೆ ಮರಳದಿದ್ದರೆ ರಿಪೇರಿಯ ವಾರಂಟಿ ಮುಗಿಯುವ ಮೊದಲೇ ತಿಳಿಸಿ.